ಕಾರ್ಖಾನೆ ಇಲ್ಲದ ಕಡೆ ಆಮ್ಲ ಮಳೆ ಹೇಗೆ?

ಹತ್ತಿರದಲ್ಲಿ ಕಾರ್ಖಾನೆಯೇ ಇಲ್ಲದ ದಕ್ಷಿಣ ನಾರ್ವೆಯ ಸರೋವರಗಳಲ್ಲಿ ಮೀನು ಹೇಗೆ ಸತ್ತವು ಅಂತ ಕೇಳಿದ್ದೀರಿ ಅಲ್ವಾ, ಹೊಗೆ ಬಂದಿದ್ದು ದೂರದಿಂದ. ಬ್ರಿಟನ್, ಜರ್ಮನಿ ಕಡೆ ಕಲ್ಲಿದ್ದಲು ಸುಟ್ಟಾಗ ಎದ್ದ ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಸಾಗಿ, ಮೋಡದ ನೀರಿನ ಜೊತೆ ಸೇರಿ ಸಲ್ಫ್ಯೂರಿಕ್ ಆಮ್ಲವಾಗಿ ಮಳೆ, ಹಿಮದಲ್ಲಿ ಇಳಿಯಿತು. ಸುತ್ತಲಿನವರಿಗೆ ತೊಂದರೆ ಬೇಡ ಅಂತ ಚಿಮಣಿ ಎತ್ತರಿಸಿದ್ದೂ ಪಕ್ಕದ ದೇಶಕ್ಕೆ ಮುಳುವಾಯಿತು ನೋಡಿ! ಶುದ್ಧ ಮಳೆಯೂ ಸ್ವಲ್ಪ ಹುಳಿಯೇ, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.6. ಅದು ಇನ್ನೂ ಇಳಿದರೆ ಕಷ್ಟ. ದಕ್ಷಿಣ ನಾರ್ವೆಯ ನೆಲದಡಿ ಗ್ರಾನೈಟ್ ಥರದ ಬಂಡೆ ಜಾಸ್ತಿ, ಆಮ್ಲವನ್ನು ತಣಿಸಲು ಬೇಕಾದ ಸುಣ್ಣದ ಅಂಶ ಕಡಿಮೆ. ಮೀನನ್ನು ಕೊಂದಿದ್ದು ಬರೀ ಆಮ್ಲ ಅಲ್ಲ, ಅದು ಮಣ್ಣಿನಿಂದ ಕರಗಿಸಿ ತಂದ ಅಲ್ಯುಮಿನಿಯಂ ಕಿವಿರುಗಳಿಗೆ ಅಂಟಿ ಉಸಿರುಗಟ್ಟಿಸಿತು. ಈಗಲೂ ಅಲ್ಲಿ ಕೆಲವು ನದಿಗಳಿಗೆ ಸುಣ್ಣದಕಲ್ಲಿನ ಪುಡಿ ಸುರಿಯುತ್ತಾರೆ.