ಊರೂರು ಒಯ್ದು ತೋರಿಸಲು ಸಣ್ಣ ಕಂಪ್ಯೂಟರ್ ಕ್ಲಸ್ಟರ್ ಮಾಡುವುದು ಹೇಗೆ?

ಶಾಲೆಗಳಲ್ಲಿ ತೋರಿಸಲು ಎಂಟು ರಾಸ್ಪ್‌ಬೆರಿ ಪೈ ಜೋಡಿಸಿ ಕ್ಲಸ್ಟರ್ ಮಾಡಿದರೆ ಹೇಗೆ ಎಂದು ಕೇಳಿದ್ದೀರಿ. ರಾಸ್ಪ್‌ಬೆರಿ ಪೈ ಅಂದರೆ ಅಂಗೈ ಅಗಲದ ಕಂಪ್ಯೂಟರ್ ಬೋರ್ಡು, ಅಂಥವನ್ನು ಜೋಡಿಸಿ ಒಂದೇ ಕೆಲಸ ಹಂಚಿ ಮಾಡಿಸುವುದೇ ಕ್ಲಸ್ಟರ್. ನಾಲ್ಕು ಸಾಕು. ನಾನು ಹುಬ್ಬಳ್ಳಿಯಿಂದ ಗದಗ, ಹಾವೇರಿ ಕಡೆಯ ಹೈಸ್ಕೂಲುಗಳಿಗೆ ನಾಲ್ಕು ಪೈ 4 ಬೋರ್ಡು, ಅವನ್ನು ಕೇಬಲ್ಲಿನಿಂದ ಒಂದಕ್ಕೊಂದು ಸೇರಿಸುವ ಒಂದು ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಇರುವ ಪೆಟ್ಟಿಗೆ ಒಯ್ಯುತ್ತೇನೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಲು ಬರಬೇಕು, ಅಷ್ಟೇ ಅಳತೆ.

ಮೊದಲು ಕರೆಂಟಿನ ಬಗ್ಗೆ ಯೋಚಿಸಿ. ಒಂದೊಂದು ಬೋರ್ಡಿಗೆ 5 ವೋಲ್ಟ್, 3 ಆಂಪಿಯರ್ ಬೇಕು. ತೆಳು ವೈರು ಹಾಕಿದರೆ ಕೆಲಸ ಶುರುವಾದ ಕೂಡಲೇ ವೋಲ್ಟೇಜ್ ಬೀಳುತ್ತದೆ. 4.63 ವೋಲ್ಟಿಗಿಂತ ಕೆಳಗೆ ಹೋದರೆ ಬೋರ್ಡು ತಾನೇ ವೇಗ ತಗ್ಗಿಸುತ್ತದೆ. ವೈರು ದಪ್ಪಗಿರಲಿ, ಗಿಡ್ಡ ಇರಲಿ. ಮುಂಡರಗಿ ಹತ್ತಿರದ ಶಾಲೆಯೊಂದರಲ್ಲಿ ಲೆಕ್ಕ ನಡೆದಿರುವಾಗಲೇ ಕರೆಂಟ್ ಹೋಯಿತು. ಎರಡು ಮೆಮೊರಿ ಕಾರ್ಡು ಕೆಟ್ಟವು, ಮಕ್ಕಳು ಏನೂ ನೋಡದೆ ಎದ್ದು ಹೋದರು. ಅದು ನನಗೆ ಇನ್ನೂ ಬೇಜಾರು. ಅಂದಿನಿಂದ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಿಂದಲೇ ನಡೆಸುತ್ತೇನೆ, ನಡುವೆ 5 ವೋಲ್ಟಿಗೆ ಇಳಿಸುವ ಕನ್ವರ್ಟರ್. ಎರಡು ಕಿಲೋ ಭಾರ ಜಾಸ್ತಿಯಾಯಿತು, ಆಗಲಿ. ಕಾರ್ಡುಗಳಿಗೆ ಓವರ್‌ಲೇ ಫೈಲ್ ಸಿಸ್ಟಮ್ ಹಾಕಿದ್ದೇನೆ. ಅಂದರೆ ಬದಲಾವಣೆಯೆಲ್ಲ ಬೋರ್ಡಿನ ತಾತ್ಕಾಲಿಕ ಮೆಮೊರಿಯಲ್ಲೇ ಉಳಿಯುತ್ತದೆ, ಕಾರ್ಡಿನ ಮೇಲೆ ಈಗ ಏನೂ ಬರೆಯುವುದಿಲ್ಲ.

ಫ್ಯಾನು ಹಾಕಿ. 80 ಡಿಗ್ರಿ ಮುಟ್ಟಿದರೆ ಪೈ ನಿಧಾನವಾಗುತ್ತದೆ, ಗದಗಿನ ಏಪ್ರಿಲ್ ಬಿಸಿಲು ಗೊತ್ತಲ್ವಾ. ಐಪಿ ವಿಳಾಸಗಳನ್ನು, ಅಂದರೆ ಬೋರ್ಡುಗಳು ಒಂದನ್ನೊಂದು ಗುರುತಿಸುವ ನಂಬರುಗಳನ್ನು, ಮೊದಲೇ ಗೊತ್ತುಮಾಡಿಡಿ, ಶಾಲೆಯ ಇಂಟರ್ನೆಟ್ ಬೇಕಾಗುವುದಿಲ್ಲ.

ಇನ್ನು ಏನು ತೋರಿಸಬೇಕು ಎಂಬುದು. ನಾನು 1 ಕೋಟಿಯೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುತ್ತೇನೆ. 6,64,579 ಎಂದು ತರಗತಿಯ ಕರಿಹಲಗೆಯ ಮೇಲೆ ಮೊದಲೇ ಬರೆದಿಟ್ಟರೆ ಮಕ್ಕಳು ಉತ್ತರಕ್ಕೆ ಕಾಯುತ್ತಾರೆ. ಒಂದು ಪೈನಲ್ಲಿ ಮಾಡಿಸಿ, ಆಮೇಲೆ ನಾಲ್ಕರಲ್ಲಿ. 25 ಲಕ್ಷದಂತೆ ಸಮಪಾಲು ಮಾಡಬೇಡಿ. ದೊಡ್ಡ ಸಂಖ್ಯೆಗಳನ್ನು ಭಾಗಿಸಿ ನೋಡಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಕೊನೆಯ ಬೋರ್ಡು ದುಡಿಯುತ್ತಿರುವಾಗ ಉಳಿದವು ಸುಮ್ನೆ ಕೂರುತ್ತವೆ. ಬ್ಯಾಡಗಿ ಕಡೆಯ ಮಕ್ಕಳಿಗೆ ಇದನ್ನು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಿಂದ ಹೇಳುತ್ತೇನೆ. ಒಬ್ಬೊಬ್ಬರಿಗೆ ಒಂದು ರಾಶಿ ಹಾಕಿಕೊಟ್ಟರೆ ಬೇಗ ಮುಗಿಸಿದವರು ಖಾಲಿ. ನಡುವೆ ಒಂದೇ ರಾಶಿ ಇಟ್ಟು, ಬುಟ್ಟಿ ಮುಗಿದವರು ಮತ್ತೊಂದು ತುಂಬಿಕೊಂಡರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಪ್ರೋಗ್ರಾಮು ಹಾಗೆಯೇ ಸಣ್ಣ ಸಣ್ಣ ಬುಟ್ಟಿ ಹಂಚಲಿ. ಆಗಲೂ ಸಮಯ ಸರಿಯಾಗಿ ಕಾಲು ಭಾಗಕ್ಕೆ ಇಳಿಯುವುದಿಲ್ಲ, ಹಂಚುವುದಕ್ಕೂ ಕೂಡಿಸುವುದಕ್ಕೂ ಹೊತ್ತು ಬೇಕಲ್ಲ. ಅದನ್ನು ಮುಚ್ಚಿಡದೆ ತೋರಿಸಿ.

ನಡುವೆ ಒಂದು ಕೇಬಲ್ ಕೀಳುವ ಕೆಲಸ ಮಕ್ಕಳಿಗೇ ಕೊಡಿ. ಎಂಪಿಐನಲ್ಲಿ (ಕ್ಲಸ್ಟರಿನ ಕಂಪ್ಯೂಟರುಗಳು ತಮ್ಮಲ್ಲೇ ಮಾತಾಡಿಕೊಳ್ಳಲು ಬಳಸುವ ರೂಢಿಯ ವ್ಯವಸ್ಥೆ) ಬರೆದರೆ, ಬೇರೇನೂ ಹೇಳದಿದ್ದರೆ, ಒಂದು ಬೋರ್ಡು ಸತ್ತಾಗ ಇಡೀ ಕೆಲಸ ನಿಲ್ಲುತ್ತದೆ. ಅದಕ್ಕೇ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಹಂಚುವ ಸ್ವಂತ ಪ್ರೋಗ್ರಾಮು ಬರೆದೆ. ಕೆಲವು ಸೆಕೆಂಡು ಉತ್ತರ ಬರದಿದ್ದರೆ ಆ ಬುಟ್ಟಿ ಬೇರೆಯವರಿಗೆ ಹೋಗುತ್ತದೆ. ಎಣಿಕೆ ಮಾತ್ರ ತಪ್ಪುವುದಿಲ್ಲ.

ಚೀಲದಲ್ಲಿ ಎರಡು ಲ್ಯಾನ್ ಕೇಬಲ್ ಜಾಸ್ತಿ ಇಟ್ಟುಕೊಳ್ಳಿ, ಬಸ್ಸಿನ ಕುಲುಕಾಟಕ್ಕೆ ತುದಿಯ ಕೊಂಡಿ ಮುರಿಯುತ್ತದೆ. ಪ್ರೋಗ್ರಾಮು ಬೇಕಿದ್ದರೆ ಹೇಳಿ, ಕಳಿಸುತ್ತೇನೆ.