ಮಣ್ಣುನೀರು ತಿಳಿಯಾಗದಿದ್ದರೆ

ಬಾಟಲಿಯಲ್ಲಿ ಕಲಕಿಟ್ಟ ಮಣ್ಣುನೀರು ಮರುದಿನವೂ ತಿಳಿಯಾಗಿಲ್ಲ, ಮಕ್ಕಳ ಆಸಕ್ತಿ ಉಳಿಸುವುದು ಹೇಗೆ ಎಂದು ಕೇಳಿದ್ದೀರಿ. ಪ್ರಯೋಗ ಕೆಟ್ಟಿಲ್ಲ, ನಿಮ್ಮ ಮಣ್ಣಿನಲ್ಲಿ ಜೇಡಿ ಇದೆ ಅಷ್ಟೇ. ಮರಳು ಬೇಗ ತಳ ಸೇರುತ್ತದೆ. ಜೇಡಿಯ ಕಣ 0.002 ಮಿಲಿಮೀಟರ್‌ಗಿಂತ ಚಿಕ್ಕದು, ದಿನಗಟ್ಟಲೆ ತೇಲುತ್ತಿರುತ್ತದೆ. ಆದರೆ ಇದನ್ನು ನೀವೇ ಹೇಳಿಬಿಡಬೇಡಿ!

ಒಂದೇ ಮಣ್ಣುನೀರನ್ನು ಎರಡು ಬಾಟಲಿಗೆ ಹಾಕಿ. ಒಂದಕ್ಕೆ ಮಾತ್ರ ಚಿಟಿಕೆ ಪಟಿಕದ ಪುಡಿ ಬೆರೆಸಿ. ಯಾವುದು ಮೊದಲು ತಿಳಿಯಾಗುತ್ತದೆ ಅಂತ ಮಕ್ಕಳು ಊಹಿಸಿ ಬರೆದಿಡಲಿ. ಪಟಿಕ ಹಾಕಿದ್ದರಲ್ಲಿ ಕಣಗಳು ಒಂದಕ್ಕೊಂದು ಅಂಟಿ, ಹತ್ತಿಯ ಎಳೆಯಂತೆ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಆಗ 'ಯಾಕೆ?' ಅನ್ನೋ ಪ್ರಶ್ನೆ ಅವರಿಂದಲೇ ಬರುತ್ತದೆ, ಅಲ್ವಾ?

ಕಾಯುವಾಗ ಸುಮ್ನೆ ಕೂರಿಸಬೇಡಿ. ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ರಿಬ್ಬನ್‌ನಂಥ ಪಟ್ಟಿ ಮಾಡಲಿ. ಮುರಿಯದೆ ಉದ್ದ ಬಂದಷ್ಟೂ ಜೇಡಿ ಜಾಸ್ತಿ.