ಸಿದ್ದಿಗಳ ಚರಿತ್ರೆ ಬರೆಯಲು ಆಫ್ರಿಕಾ ಓದಬೇಕೆ?

ಮಾನ್ಯರೇ,

ಹಳಿಯಾಳದ ಸೀಮೆಯಲ್ಲಿ ಇತಿಹಾಸ ಬೋಧಿಸುತ್ತಿರುವ ತಾವು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕುರಿತು ಪಿಎಚ್‌.ಡಿ. ಮಾಡುವವರು ಆಫ್ರಿಕಾದ ಇತಿಹಾಸವನ್ನೂ ಓದಬೇಕೆ, ಇಲ್ಲಿನ ಹಿರಿಯರ ಮಾತುಗಳನ್ನು ಸಂಗ್ರಹಿಸಿದರೆ ಸಾಲದೆ ಎಂದು ಕೇಳಿದ್ದೀರಿ. ಸಾಲದು ಎಂದೇ ನನ್ನ ಅಭಿಪ್ರಾಯ. ಈ ಅಧ್ಯಯನಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬರಾದ ಅಮೆರಿಕದ ಪ್ರಾಧ್ಯಾಪಕ ಜೋಸೆಫ್ ಹ್ಯಾರಿಸ್ ನಡೆದ ದಾರಿಯೂ ಅದನ್ನೇ ಹೇಳುತ್ತದೆ.

ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಹ್ಯಾರಿಸ್, 1965ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು ಪಶ್ಚಿಮ ಆಫ್ರಿಕಾದ ಗಿನಿಯಲ್ಲಿದ್ದ ಫೂಟಾ ಜಲ್ಲೋನ್ ರಾಜ್ಯದ ಮೇಲೆ. ಹೀಗೆ ಖಂಡದ ಒಳಗಿನ ಬದುಕನ್ನು ಅರಿತ ಮೇಲೆ ಅವರು ಕಡಲು ದಾಟಿದವರತ್ತ ತಿರುಗಿದರು. ಪೂರ್ವ ಆಫ್ರಿಕಾದ ಗುಲಾಮರ ವ್ಯಾಪಾರ ಏಷ್ಯಾದಲ್ಲಿ ಬಿಟ್ಟ ಗುರುತುಗಳನ್ನು ಅರಸಿದ ಅವರ ಗ್ರಂಥ 1971ರಲ್ಲಿ ಬಂತು. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತ ಸೂತ್ರ ಹಿಡಿದ ಮಲಿಕ್ ಅಂಬರ್ ಅದರಲ್ಲಿದ್ದಾನೆ. ಹೀಗೆ ತಾಯ್ನಾಡಿನಿಂದ ಚದುರಿಹೋದ ಜನರನ್ನು ಸೂಚಿಸುವ ‘ಡಯಾಸ್ಪೊರಾ’ ಎಂಬ ಇಂಗ್ಲಿಷ್ ಪದವನ್ನು ‘ವಲಸೆ’ ಎಂದು ಕನ್ನಡಿಸಲು, ಈ ಸಂದರ್ಭದಲ್ಲಿ, ನನಗೆ ಮನಸ್ಸೊಪ್ಪದು: ಮಾರಾಟಕ್ಕೊಳಗಾದವರು ವಲಸೆ ಬಂದವರಲ್ಲ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಅನೇಕರ ಪೂರ್ವಿಕರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಗುಲಾಮರಿಗೆ ದೀಕ್ಷಾಸ್ನಾನ ಮಾಡಿಸಿ ಹೊಸ ಹೆಸರಿಡುತ್ತಿದ್ದುದರಿಂದ ಅವರ ಹುಟ್ಟು ಹೆಸರುಗಳೇ ಮರೆಯಾದವು. ಆ ಜನ ಯಾವ ನಾಡಿನವರು, ಯಾವ ಭಾಷೆಯವರು ಎಂದು ಊಹಿಸುವುದಕ್ಕೂ ಪೂರ್ವ ಆಫ್ರಿಕಾದ ಪರಿಚಯ ಬೇಕು.

ಸಿದ್ದಿ ಹೆಂಗಸರ ಕೌದಿಯನ್ನೇ ನೋಡಿ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫುಲ’ ಹೊಲಿದ ಮೇಲೆಯೇ ಅದು ಪೂರ್ತಿಯಾದಂತೆ. ಆ ಬಣ್ಣಗಳನ್ನು ಕಂಡೊಡನೆ ಇದು ಆಫ್ರಿಕಾದ ಕಲೆ ಎಂದು ಬರೆದುಬಿಡುವ ಆಸೆಯಾಗುತ್ತದೆ. ಆದರೆ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿ ಹೊಲಿಯುತ್ತಾರಲ್ಲ! ಯಾವುದು ಕಡಲಾಚೆಯಿಂದ ಬಂದದ್ದು, ಯಾವುದು ನೆರೆಯವರಿಂದ ಕಲಿತದ್ದು ಎಂದು ಹೇಳಬೇಕಾದವರು ಎರಡೂ ಕಡೆಯನ್ನು ಬಲ್ಲವರಾಗಿರಬೇಕು.

ಪೋರ್ಚುಗೀಸ್ ಕಲಿಯಿರಿ, ಗೋವಾ ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿಸುತ್ತಾರೆ, ಪಣಜಿಯ ಹಳೆಯ ದಾಖಲೆಗಳು ಇರುವುದೂ ಆ ಭಾಷೆಯಲ್ಲೇ. ಹಿರಿಯರ ಮಾತುಗಳನ್ನು ದಾಖಲಿಸುವ ಕೆಲಸವನ್ನು ಮಾತ್ರ ಅದಕ್ಕಾಗಿ ಮುಂದೂಡಬೇಡಿ. ದಾಖಲೆಗಳು ಕಾಯುತ್ತವೆ, ಅವರಿಗೆ ವಯಸ್ಸಾಗಿದೆ.

– ಸಂಪಾದಕ